ಕೂಡದ ಎರಡು ಹಾಸು

ತಗ್ಗೂರು, ಕಾಗಿಣಾ ನದಿಯ ದಂಡೆ
ಕ್ರಿ.ಶ. ೨೪೧೮, ಹದಿಮೂರನೆಯ ತಿಂಗಳಾದ ಕಾವು, ಮೂವತ್ತೆಂಟನೆಯ ದಿನ

ನನಗಿಂತ ಹದಿನಾರು ತಲೆಮಾರು ಹಿಂದಿನವರಿಗೆ,

ಈ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಇರಲಾರದು, ಕ್ಷಮಿಸಿ. ನಮ್ಮಲ್ಲಿ ಮೇ ತಿಂಗಳು ಮುಗಿದ ಮೇಲೆ ಕಾವು ಎಂಬ ತಿಂಗಳು ಬರುತ್ತದೆ. ಅದಕ್ಕೆ ಇಷ್ಟೇ ದಿನ ಎಂದಿಲ್ಲ. ಮೊದಲ ಮಳೆ ಬಿದ್ದ ದಿನ ಅದು ಮುಗಿಯುತ್ತದೆ, ಮರುದಿನ ಜೂನ್ ಒಂದು ಎಂದು ಎಣಿಸುತ್ತೇವೆ. ಐದನೆಯ ತಿಂಗಳ ಮೇಲೆ ಬರುವುದಕ್ಕೆ ಹದಿಮೂರನೆಯದು ಎಂದು ಯಾಕೆ ಹೆಸರು ಎಂದು ಕೇಳಬೇಡಿ, ನಾನೂ ಚಿಕ್ಕವನಿದ್ದಾಗ ಕೇಳಿ ಬೈಸಿಕೊಂಡಿದ್ದೇನೆ. ನನ್ನ ಮಾತುಗಳಲ್ಲೂ ಕೆಲವು ನಿಮಗೆ ವಿಚಿತ್ರ ಕಾಣಬಹುದು. ನಾನು ಹೆಚ್ಚು ಓದಿದವನಲ್ಲ. ಹೆಸರು ಸಾಯಬಣ್ಣ, ಊರಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತೇನೆ. ದಿನವೂ ನಾಲ್ಕು ಸಾಲು ಬರೆದುಕೊಳ್ಳುವ ಅಭ್ಯಾಸ ಒಂದಿದೆ, ಅಷ್ಟೇ.

ಮನೆಯಲ್ಲಿ ಒಬ್ಬರು ತೀರಿಕೊಂಡರೆ ಉಳಿದವರು ಹಿಂದಿನ ಕಾಲದವರಿಗೆ ಒಂದು ಪತ್ರ ಬರೆಯಬೇಕು ಎಂಬುದು ಇಲ್ಲಿನ ಪದ್ಧತಿ. ಅದಕ್ಕೆ ಹಿನ್ನೋಲೆ ಎನ್ನುತ್ತೇವೆ. ಸತ್ತವರು ನಿಮ್ಮ ಕಡೆಗೇ ಬರುತ್ತಾರೆ ಎಂದು ನಮ್ಮ ತಿಳಿವಳಿಕೆ. ಮುಂದಿನವರು ಇನ್ನೂ ಹುಟ್ಟಿಲ್ಲ, ಅವರ ಹತ್ತಿರ ಹೋಗಲು ದಾರಿ ಎಲ್ಲಿದೆ? ಪರ ಊರಿಗೆ ಹೊರಟವರ ಕೈಯಲ್ಲಿ ಪರಿಚಯದ ಚೀಟಿ ಕೊಟ್ಟು ಕಳಿಸುವ ಹಾಗೆ ಇದು. ಬರೆದಾದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿ ಒಲೆಗೆ ಹಾಕುತ್ತೇವೆ. ಹೆಚ್ಚಿನವರು ತಮ್ಮ ಅಜ್ಜಂದಿರಿಗೆ, ಮುತ್ತಜ್ಜಿಯರಿಗೆ ಬರೆಯುತ್ತಾರೆ. ನಾನು ನಿಮ್ಮ ಕಾಲಕ್ಕೆ ಬರೆಯುತ್ತಿದ್ದೇನೆ. ನನ್ನ ಹೆಂಡತಿ ಜಗದೇವಿ ಹೋಗುವುದಾದರೆ ನಿಮ್ಮಲ್ಲಿಗೇ ಹೋಗುತ್ತಾಳೆ, ನನಗೆ ಗೊತ್ತು. ಈ ಕಾವಿನ ಮೊದಲ ವಾರಗಳಲ್ಲಿ ಕಲ್ಲುಧೂಳಿನ ಕೆಮ್ಮಿನಿಂದ ಅವಳು ತೀರಿಕೊಂಡಳು. ಅವಳು ಹಾಸುಗಾರ್ತಿ, ಎಂದರೆ ಊರಿನ ನೆಲಕ್ಕೆ ಕಲ್ಲು ಹಾಸುವವಳು.

ನಮ್ಮ ಊರು ನೀವು ಅಗೆದು ಬಿಟ್ಟ ತಗ್ಗು. ನಿಮ್ಮ ಕಾಲದಲ್ಲಿ ಈ ಸೀಮೆಯ ಫರಸಿ ಕಲ್ಲನ್ನು ಪದರ ಪದರವಾಗಿ ಬಿಡಿಸಿ, ರೈಲಿಗೆ ತುಂಬಿ, ದೂರದೂರದ ಮನೆಗಳ ನೆಲಕ್ಕೆ ಕಳಿಸುತ್ತಿದ್ದರಂತೆ. ಕಲ್ಲು ಹೋಯಿತು, ಹೊಂಡ ಉಳಿಯಿತು. ಮೇಲಿನ ಬಯಲಲ್ಲಿ ಬದುಕುವುದು ಕಷ್ಟವಾದಾಗ ನಮ್ಮ ಹಿರಿಯರು ಆ ಹೊಂಡಗಳಿಗೆ ಇಳಿದರು. ಮೇಲೆ ಗೋಡೆಯಿಂದ ಗೋಡೆಗೆ ಸೂರುಬಟ್ಟೆ ಕಟ್ಟುತ್ತೇವೆ. ಅದರ ನೆರಳಿನಲ್ಲಿ ಮನೆಗಳು, ಅಡುಗೆಮನೆ, ಶಾಲೆ, ಮೇಕೆಗಳ ದೊಡ್ಡಿ. ಕಾವಿನಲ್ಲಿ ಬೆಳಕು ಹರಿಯುವ ಮೊದಲೇ ರೊಟ್ಟಿ ಬಡಿದು ಮುಗಿಸಬೇಕು, ಆಮೇಲೆ ಒಲೆಯ ಹತ್ತಿರ ನಿಲ್ಲಲಾಗುವುದಿಲ್ಲ. ಹಿಟ್ಟು ನಾದುವ ನೀರನ್ನೂ ಅಳೆದು ಕೊಡುತ್ತಾರೆ. ಮಳೆ ಬಂದಾಗ ಬಟ್ಟೆ ಸರಿಸುತ್ತೇವೆ, ನೀರೆಲ್ಲ ನೆಲದ ಮೇಲೆ ಹರಿದು ಬಾವಿಗೆ ಇಳಿಯುತ್ತದೆ. ವರ್ಷದ ನೀರು ಅಷ್ಟೇ. ಹಾಗಾಗಿ ನಮ್ಮಲ್ಲಿ ನೆಲ ಎಂದರೆ ಬರೀ ನಡೆಯುವ ಜಾಗವಲ್ಲ. ಅದರಲ್ಲಿ ಬಿರುಕು ಬಿಟ್ಟರೆ ನೀರು ಕೆಳಗಿನ ಪುಡಿಗಲ್ಲಿಗೆ ಇಂಗಿ ಹೋಗುತ್ತದೆ, ಕಾವು ಬಂದಾಗ ಊರು ಒಣಗುತ್ತದೆ. ಈ ನೆಲವನ್ನೇ ಹಾಸು ಎನ್ನುತ್ತೇವೆ.

ಮೊದಮೊದಲು ಚೌಕದ ಕಲ್ಲು ಹಾಸಿದ್ದರಂತೆ. ಚೌಕಗಳ ನಡುವಿನ ಸಂದು ಒಂದೇ ಗೆರೆಯಾಗಿ ಈ ಗೋಡೆಯಿಂದ ಆ ಗೋಡೆಯವರೆಗೆ ಓಡುತ್ತದೆ. ಕಾವಿನ ಬಿಸಿಗೆ ಆ ಗೆರೆಯುದ್ದಕ್ಕೂ ನೆಲ ಸೀಳಿತು. ಆಮೇಲೆ ಬಂದದ್ದು ಒಂಟಿಗಲ್ಲು. ಅದು ನಿಮ್ಮ ಕಾಲದವರು ಕಂಡುಹಿಡಿದ ಆಕಾರ, ನಿಮಗೆ ತಿಳಿದಿರಬೇಕು. ಹದಿಮೂರು ಬದಿ. ನೋಡಲು ಹಗ್ಗದ ಮೇಲೆ ಸೊಟ್ಟಗೆ ಒಣಹಾಕಿದ ಅಂಗಿಯ ಹಾಗಿದೆ. ಈ ಒಂದೇ ಆಕಾರದಿಂದ ಎಷ್ಟು ದೊಡ್ಡ ನೆಲವನ್ನಾದರೂ ಸಂದು ಬಿಡದೆ ಮುಚ್ಚಬಹುದು, ಆದರೆ ಹಾಸಿದ ಚಿತ್ತಾರ ಸೀರೆಯ ಅಂಚಿನ ಹಾಗೆ ಮತ್ತೆ ಮತ್ತೆ ಅದೇ ಬರುವಂತೆ ಹಾಸಲು ಎಷ್ಟು ಪ್ರಯತ್ನಪಟ್ಟರೂ ಆಗುವುದಿಲ್ಲ. ಏಳೆಂಟು ಕಲ್ಲಿಗೊಂದು ಕಲ್ಲನ್ನು ಮಗುಚಿ ಇಡಬೇಕು, ಅದಕ್ಕೆ ಎಡಗಲ್ಲು ಎನ್ನುತ್ತಾರೆ. ಸಂದುಗಳು ಎಲ್ಲೂ ಒಂದೇ ಗೆರೆಯಾಗಿ ದೂರ ಹೋಗುವುದಿಲ್ಲ, ಬಿರುಕಿಗೆ ಓಡಲು ದಾರಿ ಸಿಗುವುದಿಲ್ಲ.

ಜಗದೇವಿಗೆ ಇದೆಲ್ಲ ಹೇಳುವುದೆಂದರೆ ಹಬ್ಬ. ನಾನು ಹಿಟ್ಟು ನಾದುತ್ತಿದ್ದರೆ ಎದುರು ಕೂತು ಶುರು ಮಾಡುತ್ತಿದ್ದಳು.

“ದಿನಾ ದುಂಡಗ ಬಡೀತಿಯಲ್ಲ, ಆ ರೊಟ್ಟಿ ನೆಲಕ್ಕ ಹಾಸಿ ತೋರ್ಸು ನೋಡೂಣು, ನಡುವ ಸಂದು ಬಿಡದಂಗ.”

“ರೊಟ್ಟಿ ತಿನ್ನಲಾಕ ಅದ, ಹಾಸಲಾಕಲ್ಲ” ಎಂದರೆ, “ಆಗಂಗಿಲ್ಲ ಅಂತ ಒಪ್ಕೊ. ಚೌಕ ಆದ್ರ ಆಗ್ತದ. ಖರೆ ಚೌಕಕ್ಕ ಬುದ್ಧಿ ಇಲ್ಲ. ಹೇಳಿದ್ದೇ ಹೇಳ್ತದ, ನಿನ್ನಂಗ” ಎಂದು ನಗುತ್ತಿದ್ದಳು.

ನಿಮ್ಮವರು ಈ ಆಕಾರಕ್ಕೆ ತಲುಪಿದ ಕತೆಯನ್ನು ಅವಳು ಹಾಸುಶಾಲೆಯಲ್ಲಿ ಕಲಿತಿದ್ದಳು. ನೆಲ ಮುಚ್ಚುವ ಆಕಾರಗಳು ಯಾವುವೇ ಇರಲಿ, ಅವುಗಳಿಂದ ಮರುಕಳಿಸುವ ಚಿತ್ತಾರವನ್ನೂ ಮಾಡಬಹುದು ಎಂದು ಬಲ್ಲವರು ಮೊದಲು ಭಾವಿಸಿದ್ದರಂತೆ. ಆಮೇಲೆ ಒಬ್ಬರು, ಎಂದೂ ಮರುಕಳಿಸದೆ ಮಾತ್ರವೇ ನೆಲ ಮುಚ್ಚುವ ಆಕಾರಗಳ ಒಂದು ಗುಂಪನ್ನು ತೋರಿಸಿದರು. ಅದರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಗೆಯ ಆಕಾರ ಇದ್ದವು. ಬೇರೆಯವರು ಅದನ್ನು ನೂರರ ಹತ್ತಿರ ತಂದರು, ಆಮೇಲೆ ಆರು, ಆಮೇಲೆ ಎರಡು. ಎರಡರಲ್ಲೇ ಸುಮಾರು ಐವತ್ತು ವರ್ಷ ನಿಂತುಬಿಟ್ಟಿತು. ಒಂದೇ ಸಾಕಾಗುವ ಆಕಾರ ಇದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಅದನ್ನು ಕಂಡವನು ಆಕಾರಗಳ ಜೊತೆ ಸುಮ್ಮನೆ ಆಡುತ್ತಿದ್ದ ಒಬ್ಬ ಹವ್ಯಾಸಿ. ಕಾಗದದಲ್ಲಿ ಕತ್ತರಿಸಿ, ಮೇಜಿನ ಮೇಲೆ ಜೋಡಿಸಿ, ಇದ್ಯಾಕೋ ವಿಚಿತ್ರವಾಗಿದೆ ಅನ್ನಿಸಿ, ಗಣಿತ ಬಲ್ಲವರಿಗೆ ಬರೆದ. ಅವರೆಲ್ಲ ಕೂಡಿ ಸಾಬೀತು ಮಾಡಿದರು. ಈ ಭಾಗ ಬಂದಾಗ ಜಗದೇವಿ ಪ್ರತಿ ಸಲವೂ ಹಿಟ್ಟಿನ ಕೈ ಹಿಡಿದು ನನ್ನನ್ನು ನಿಲ್ಲಿಸುತ್ತಿದ್ದಳು. ಆ ಮೇಜಿನ ಹತ್ತಿರ ಆ ಹೊತ್ತಿನಲ್ಲಿ ತಾನು ಇರಬೇಕಿತ್ತು ಎನ್ನುತ್ತಿದ್ದಳು.

ಇನ್ನೊಂದು ಸಂಗತಿ ಇದೆ. ನನಗೆ ಅದನ್ನು ನಂಬಲು ಬಹಳ ಕಾಲ ಹಿಡಿಯಿತು. ಹಾಸು ಒಟ್ಟಾಗಿ ಎಂದೂ ಮರುಕಳಿಸುವುದಿಲ್ಲ. ಆದರೆ ಅದರಲ್ಲಿನ ಯಾವ ತುಣುಕನ್ನು ತೆಗೆದುಕೊಂಡರೂ, ನಿಮ್ಮ ಹೊಸ್ತಿಲ ಮುಂದಿನ ಹತ್ತು ಕಲ್ಲು ಎನ್ನಿ, ಅಷ್ಟೇ ಕಲ್ಲು ಅದೇ ಜೋಡಣೆಯಲ್ಲಿ ಬೇರೊಂದು ಕಡೆ ಇದ್ದೇ ಇರುತ್ತದೆ, ಬಹಳ ದೂರವೂ ಇರುವುದಿಲ್ಲ. ಇದರಿಂದ ನಮ್ಮಲ್ಲಿ ಒಂದು ಪದ್ಧತಿ ಬಂದಿದೆ. ಕೂಸನ್ನು ಮೊದಲ ಸಲ ನೆಲಕ್ಕೆ ಬಿಟ್ಟ ಜಾಗ ಅದರ ತಾವು. ಅದು ನಡೆಯಲು ಕಲಿತ ಮೇಲೆ ಆ ತಾವಿನ ಅವಳಿಯನ್ನು ಹುಡುಕಬೇಕು, ಮಕ್ಕಳಿಗೆ ಅದೇ ದೊಡ್ಡ ಆಟ. ಹುಡುಕಿದವರಿಗೆ ಸಿಗದೇ ಇದ್ದದ್ದಿಲ್ಲ.

ಜಗದೇವಿ ಹೋದ ಮೇಲೆ ಜನ ನನಗೂ ಅದನ್ನೇ ಹೇಳಿದರು, ಅವಳು ದಿನಾ ಕೂರುತ್ತಿದ್ದ ತಾವಿನ ಅವಳಿ ಹುಡುಕು, ಮನಸ್ಸು ಹಗುರಾಗುತ್ತದೆ ಎಂದು. ಅಡುಗೆಮನೆಯ ಬಾಗಿಲ ಬಲಕ್ಕೆ, ಎರಡು ಎಡಗಲ್ಲುಗಳು ಮೂಗು ತಾಗಿಸಿಕೊಂಡಂತಿರುವ ಜಾಗದಲ್ಲಿ ಅವಳು ಕಾಲು ಚಾಚಿ ಕೂತು ಬಿಸಿ ರೊಟ್ಟಿ ತಿನ್ನುತ್ತಿದ್ದಳು. ನಾನು ತಲೆ ಬಗ್ಗಿಸಿಕೊಂಡು ಹಳೆಯ ತಗ್ಗೆಲ್ಲ ತಿರುಗಿದೆ, ಅಲ್ಲಿದ್ದದ್ದು ಯಾವುದೋ ಮನೆಯ ಅಡಿಗೆ ಸೇರಿತ್ತೇನೋ. ಕೊನೆಗೆ ಸಿಕ್ಕಿದ್ದು ಪಕ್ಕದಲ್ಲೇ ಹಾಸುತ್ತಿರುವ ಹೊಸ ತಗ್ಗಿನಲ್ಲಿ, ಕಡಲ ಕಡೆಯಿಂದ ಹೋದ ವರ್ಷ ಬಂದ ಪದುಮಕ್ಕನ ಮನೆಯ ಎದುರು. ಅದರ ಮೇಲೆ ಅವಳ ನೀರಿನ ಕೊಡ ಇತ್ತು.

“ಎಂತ ಹುಡುಕುದು ಮಾರಾಯ್ರೇ, ಬಗ್ಗಿ ಬಗ್ಗಿ?” ಎಂದಳು.

ಜಾಗ ಎಂದೆ. ಅವಳು ಕೊಡ ಎತ್ತಿ, ಸೆರಗಿನಿಂದ ಕಲ್ಲು ಒರೆಸಿ ಒಳಗೆ ಹೋದಳು. ನಾನು ಕೂತೆ. ಅವೇ ಕಲ್ಲು, ಅದೇ ಎರಡು ಮೂಗು. ಮಾತಾಡುವವರು ಯಾರೂ ಇರಲಿಲ್ಲ. ಕೂತಷ್ಟು ಹೊತ್ತೂ ಆ ಜಾಗ ಅವಳಿಲ್ಲದ್ದನ್ನೇ ಇನ್ನೊಮ್ಮೆ ಹೇಳಿದ ಹಾಗಿತ್ತು. ಒಂದು ಕಡೆ ಇದ್ದ ಖಾಲಿ ಎರಡು ಕಡೆ ಆಯಿತು ಎಂದುಕೊಂಡು ಎದ್ದು ಬಂದೆ.

ಈಗ ಹೊಸ ತಗ್ಗಿನ ವಿಷಯ. ಕಡಲು ಏರಿ ಊರು ಕಳೆದುಕೊಂಡವರು ಬಂದಾಗ ನಮ್ಮ ತಗ್ಗಿನಲ್ಲಿ ಜಾಗ ಸಾಲಲಿಲ್ಲ. ಪಕ್ಕದ ಹೊಂಡವನ್ನು ಹಸನು ಮಾಡಿ ಹೊಸ ಹಾಸು ಹಾಕಬೇಕಾಯಿತು. ಮಳೆಗೆ ಮೊದಲು ಮುಗಿಯಬೇಕೆಂದು ಕೆಲಸವನ್ನು ಎರಡು ಕಡೆಯಿಂದ ಶುರು ಮಾಡಿದರು. ಮೂಡಣ ಗೋಡೆಯಿಂದ ಜಗದೇವಿಯ ಗುಂಪು. ಪಡುವಣ ಗೋಡೆಯಿಂದ ಅವಳ ಕೈಯಲ್ಲೇ ಕೆಲಸ ಕಲಿತ ಮಶಾಕನ ಗುಂಪು. ಹಿಂದೆ ಎಂದೂ ಹೀಗೆ ಮಾಡಿರಲಿಲ್ಲ. ಹಾಸೆಂದರೆ ಒಂದು ಕಡೆಯಿಂದ ಬೆಳೆಯುತ್ತಾ ಹೋಗುವುದು. ಆದರೆ ಇಬ್ಬರೂ ನಿಯಮ ತಪ್ಪದೆ ಹಾಸಿದರೆ ನಡುವೆ ಬಂದು ಕೂಡಲೇಬೇಕಲ್ಲ ಎಂದರು. ಸರಿ ಮತ್ತು ಸರಿ ಸೇರದೆ ಎಲ್ಲಿ ಹೋಗುತ್ತವೆ ಎಂದು ಜಗದೇವಿಯೂ ಅಂದಳು, ನಾನೇ ಕೇಳಿದ್ದೇನೆ. ಮಶಾಕ ಹಾಸುತ್ತಾ ಬಂದ ಹಾಗೆ ಅವನ ಹಿಂದೆಯೇ ಮನೆಗಳು ಎದ್ದವು, ಒಲೆಗಳು ಹತ್ತಿದವು. ಜಗದೇವಿಯ ಕಡೆ ಇನ್ನೂ ಬಯಲಾಗಿಯೇ ಇತ್ತು. ನಡುವೆ ಹಾಸದೆ ಉಳಿದ ಬಾಯಿ ಅಗಲವಾಗಿ ತೆರೆದಿರುವಾಗಲೇ ಅವಳು ಮಲಗಿದಳು, ಮತ್ತೆ ಏಳಲಿಲ್ಲ.

ಅವಳ ಮಣ್ಣಾದ ಮೇಲೆ ಕೆಲಸ ಮುಂದುವರಿಸಿದರು. ಬಾಯಿ ಚಿಕ್ಕದಾಯಿತು, ಇನ್ನೂ ಚಿಕ್ಕದಾಯಿತು, ಆಮೇಲೆ ಅಲ್ಲಿ ಯಾವ ಕಲ್ಲೂ ಕೂರಲಿಲ್ಲ. ತಿರುಗಿಸಿದರು, ಮಗುಚಿದರು, ನಾಲ್ಕು ಕಲ್ಲು ಎತ್ತಿ ಬೇರೆ ರೀತಿ ನೋಡಿದರು. ಒಂದು ಕಡೆ ಕೂತರೆ ಇನ್ನೊಂದು ಕಡೆ ಸಂದು ಬಾಯಿಬಿಡುತ್ತಿತ್ತು. ಹಾಸುಶಾಲೆಯವರೆಲ್ಲ ಕೂತು ಲೆಕ್ಕ ಹಾಕಿದ ಮೇಲೆ ತಿಳಿದದ್ದು ಇದು. ಈ ಒಂದೇ ಕಲ್ಲಿನಿಂದ ಹಾಸಬಹುದಾದ ನೆಲಗಳು ಒಂದಲ್ಲ, ಎಣಿಕೆಗೆ ಸಿಗದಷ್ಟು. ಒಂದು, ಎರಡು ಎಂದು ಕೊನೆಯಿಲ್ಲದೆ ಎಣಿಸುತ್ತಾ ಹೋದರೂ ಅವಕ್ಕೆಲ್ಲ ಅಂಕಿ ಸಾಲುವುದಿಲ್ಲವಂತೆ. ಜಗದೇವಿ ಹಾಸಿದ್ದು ಅವುಗಳಲ್ಲಿ ಒಂದು, ಮಶಾಕ ಹಾಸಿದ್ದು ಇನ್ನೊಂದು. ಇದರ ಯಾವ ಸಣ್ಣ ತುಣುಕೂ ಅದರಲ್ಲಿ ಸಿಗುತ್ತದೆ, ಅದರದು ಇದರಲ್ಲಿ ಸಿಗುತ್ತದೆ. ಒಳಗೆ ನಿಂತು ನೋಡುವವನಿಗೆ ತಾನು ಯಾವುದರಲ್ಲಿದ್ದೇನೆ ಎಂದು ಹೇಳಲಾಗುವುದಿಲ್ಲ. ಆದರೂ ಎರಡೂ ಒಂದು ನೆಲ ಆಗುವುದಿಲ್ಲ. ಬಾಯಿಗೆ ತುಂಡುಕಲ್ಲು ತುಂಬಿ ಗಾರೆ ಮೆತ್ತಿದರೆ ಊರುದ್ದದ ಒಂದು ಗೆರೆ ಆಗುತ್ತದೆ, ಮುಂದಿನ ಕಾವಿಗೇ ಸೀಳುತ್ತದೆ. ಒಂದು ಕಡೆಯದನ್ನು ಪೂರ್ತಿ ಎತ್ತಿ, ಇನ್ನೊಂದು ಕಡೆಯಿಂದ ಬೆಳೆಸಿಕೊಂಡು ಬರುವುದೊಂದೇ ದಾರಿ.

ಹಾಸು ನೋಡಿಕೊಳ್ಳುವ ಹಿರಿಯಳು ಈರಮ್ಮ ನಾಲ್ಕು ದಿನದ ಹಿಂದೆ ನಮ್ಮ ಮನೆಗೆ ಬಂದಳು. ಸತ್ತವರು ಹಾಸಿದ ಕಲ್ಲನ್ನು ಮನೆಯವರ ಒಪ್ಪಿಗೆ ಇಲ್ಲದೆ ಎತ್ತುವ ಹಾಗಿಲ್ಲ. ನಮಗೆ ಮಕ್ಕಳಿಲ್ಲ. ಒಪ್ಪಿಗೆ ಕೊಡಬೇಕಾದವನು ನಾನೊಬ್ಬನೇ.

“ಸಾಯಬಣ್ಣ, ಉಂಡಿ?”

“ಉಂಡೀನಿ.”

“ಸುಳ್ಳು ಹೇಳಬ್ಯಾಡ. ಊರಿಗೆಲ್ಲ ರೊಟ್ಟಿ ಬಡಿಯೋನ ಮನ್ಯಾಗ ರೊಟ್ಟಿ ವಾಸನಿ ಇಲ್ಲ” ಎಂದು ತಾನೇ ಬುಟ್ಟಿ ತೆರೆದು ನೋಡಿ ಮುಚ್ಚಿದಳು. ಆಮೇಲೆ ವಿಷಯ ಹೇಳಿದಳು, ಜಗದೇವಿಯ ಕಡೆ ಇನ್ನೂ ಮನೆಗಳಿಲ್ಲ, ಅದನ್ನೇ ಎತ್ತಬೇಕು ಎಂದು.

ನನಗೆ ಸಿಟ್ಟು ಬಂತು. “ಆಕಿದೇ ತಪ್ಪು ಅಂತೀರೇನ?” ಎಂದೆ.

“ತಪ್ಪಿದ್ರ ಚಲೋ ಇತ್ತೋ ಎಪ್ಪಾ” ಎಂದಳು ಈರಮ್ಮ. “ತಪ್ಪಿದ್ದ ಕಲ್ಲಷ್ಟೇ ಎತ್ತತಿದ್ವಿ. ಆಕಿದೂ ಸರಿ ಅದ, ಅಂವಂದೂ ಸರಿ ಅದ. ಅದಕ್ಕೇ ಹಿಂಗಾಗ್ಯದ.”

ಆಗುವುದಿಲ್ಲ ಎಂದೆ. ಅವಳು ಒತ್ತಾಯ ಮಾಡಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು ಮೇಲಿನ ಬಟ್ಟೆಯ ಸಂದಿನಿಂದ ಮೋಡ ನೋಡಿದಳು. ಮರುದಿನ ಅಡುಗೆಮನೆಯಲ್ಲಿ ಯಾರೂ ನನ್ನೊಂದಿಗೆ ಈ ಮಾತೆತ್ತಲಿಲ್ಲ. ರೊಟ್ಟಿ ತೆಗೆದುಕೊಳ್ಳಲು ಬಂದವರು ಎಂದಿಗಿಂತ ಮೆಲ್ಲಗೆ ಮಾತಾಡಿದರು. ಅದು ಬೈಗುಳಕ್ಕಿಂತ ಕಷ್ಟ. ಕೆಲಸ ಮುಗಿದ ಮೇಲೆ ಅವಳು ಹಾಸಿದ ನೆಲಕ್ಕೆ ಹೋದೆ. ಮನೆಯಿಲ್ಲ, ಮರೆಯಿಲ್ಲ, ಬರೀ ಕಲ್ಲು, ಅವಳ ಕೈ ಆಡಿದ ಕಲ್ಲು. ನಾನು ಅವಳ ಜೊತೆ ಬಾಳಿದ ಮನೆಯಲ್ಲಿ ಅವಳ ಬಟ್ಟೆ ಇದೆ, ಚಪ್ಪಲಿ ಇದೆ, ಆದರೆ ಅವಳು ಯೋಚಿಸಿದ್ದು ಎಲ್ಲಾದರೂ ಉಳಿದಿದ್ದರೆ ಇಲ್ಲಿ ಮಾತ್ರ. ಇಲ್ಲಿ ಎಡಗಲ್ಲು ಇಡೋಣ ಎಂದು ಅವಳಿಗೆ ಅನ್ನಿಸಿದೆ, ಇಟ್ಟಿದ್ದಾಳೆ. ಇದನ್ನು ಎತ್ತಿದ ಮೇಲೆ ಅವಳು ಏನನ್ನೋ ನಿರ್ಧರಿಸಿದ್ದಳು ಎಂಬುದಕ್ಕೂ ಗುರುತು ಇರುವುದಿಲ್ಲ. ಕಲ್ಲುಗಳೆಲ್ಲ ಒಂದೇ ಆಕಾರ. ರಾಶಿಗೆ ಬಿದ್ದ ಮೇಲೆ ಅವಳದು ಯಾವುದು ಎಂದು ದೇವರಿಗೂ ತಿಳಿಯಲಿಕ್ಕಿಲ್ಲ.

ನಿನ್ನೆ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಹೊಸ ತಗ್ಗಿನಿಂದ ಹಾರೆಯ ಸದ್ದು ಕೇಳಿಸಿತು. ನನ್ನನ್ನು ಕೇಳದೆ ಎತ್ತುತ್ತಿದ್ದಾರೆ ಎಂದು ಹಿಟ್ಟಿನ ಕೈಯಲ್ಲೇ ಓಡಿದೆ. ಸದ್ದು ಬರುತ್ತಿದ್ದದ್ದು ಪಡುವಣ ಕಡೆಯಿಂದ. ಮಶಾಕ ತಾನು ಹಾಸಿದ ಕಲ್ಲನ್ನು ತಾನೇ ಎಬ್ಬಿಸುತ್ತಿದ್ದ. ಪದುಮಕ್ಕನ ಮನೆಯ ಮುಂದೆ ಚಾಪೆ, ಪಾತ್ರೆ, ಕೋಳಿಗೂಡು ಎಲ್ಲ ರಾಶಿ ಬಿದ್ದಿದ್ದವು. ಅವಳು ಮೊಮ್ಮಗುವನ್ನು ಸೊಂಟಕ್ಕೇರಿಸಿಕೊಂಡು ಅವನಿಗೆ ಬೈಯುತ್ತಿದ್ದಳು.

“ಒಂದ್ಸಲ ಸಮುದ್ರ ಎಬ್ಬಿಸ್ತು, ಈಗ ಇವ. ಸಮುದ್ರವಾದ್ರೂ ವರ್ಷಗಟ್ಟಲೆ ಹೇಳಿಕೊಂಡೇ ಬಂದಿತ್ತು ಮಾರಾಯಾ!”

“ಅಕ್ಕಾ, ನಾ ಮತ್ತ ಹಾಸಿಕೊಡ್ತೀನಿ” ಎನ್ನುತ್ತಿದ್ದ ಅವನು.

“ಯಾವಾಗ? ಮಳೆ ಬಂದು ಹೋದ್ಮೇಲಾ? ಮಗು ಎಲ್ಲಿ ಮಲಗುದು, ನಿನ್ನ ತಲೆ ಮೇಲಾ?”

ಇಬ್ಬರೂ ನನ್ನ ಕಡೆ ತಿರುಗಿದರು. ಮಶಾಕನ ಕಣ್ಣು ಕೆಂಪಾಗಿತ್ತು. “ಕಾಕಾ, ನೀವು ಹೋಗ್ರಿ. ಅವ್ವಂದು ಇರ್ಲಿ. ನಂದೇ ಎತ್ತತೀನಿ” ಎಂದ. ಜಗದೇವಿಯನ್ನು ಅವನು ಅವ್ವ ಎಂದೇ ಕರೆಯುತ್ತಿದ್ದ. ಪದುಮಕ್ಕ ನನಗೆ ಏನೂ ಅನ್ನಲಿಲ್ಲ. ಬೈದಿದ್ದರೆ ಬಹುಶಃ ನಾನು ಗಟ್ಟಿಯಾಗಿ ನಿಲ್ಲುತ್ತಿದ್ದೆನೇನೋ.

ಹಾರೆ ಕೆಳಗಿಡು ಎಂದೆ. ಮೂಡಣದ್ದು ಎತ್ತು ಎಂದೆ. ಇದನ್ನು ದೊಡ್ಡ ಮನಸ್ಸು ಎಂದು ತಿಳಿಯಬೇಡಿ. ಕಲ್ಲು ಏಳುವ ಆ ಸದ್ದನ್ನು, ಅದರ ಜೊತೆಗೆ ಆ ಮಗುವಿನ ಅಳುವನ್ನು, ನನ್ನಿಂದ ಕೇಳಲಾಗಲಿಲ್ಲ. ಮಶಾಕ ನನ್ನ ಕಾಲ ಹತ್ತಿರ ಕೂತು ಅತ್ತ. ಆಮೇಲೆ ಅವಳ ಒಂದು ಕಲ್ಲನ್ನು ಮನೆಗೆ ಒಯ್ಯಿರಿ ಎಂದ. ಬೇಡ ಎಂದೆ. ಒಂದೇ ಕಲ್ಲು ಮನೆಯಲ್ಲಿದ್ದರೆ ಅದು ಹದಿಮೂರು ಬದಿಯ ಕಲ್ಲು ಅಷ್ಟೇ. ಅವಳು ಇದ್ದದ್ದು ಒಂದರ ಪಕ್ಕ ಇನ್ನೊಂದನ್ನು ಹೇಗೆ ಇಟ್ಟಳು ಎಂಬುದರಲ್ಲಿ, ಅದನ್ನು ಎತ್ತಿ ಒಯ್ಯಲಾಗುವುದಿಲ್ಲ.

ನಿನ್ನೆಯಿಂದ ಊರೆಲ್ಲ ಅಲ್ಲಿದೆ. ಶಾಲೆ ಮುಚ್ಚಿದ್ದಾರೆ. ಎತ್ತುವವರು ಎತ್ತುತ್ತಾರೆ, ಹೊರುವವರು ಹೊರುತ್ತಾರೆ, ಬಾಯಿಯ ಹತ್ತಿರ ಮಶಾಕ ತನ್ನ ಕಡೆಯಿಂದ ಹಾಸುತ್ತಾ ಮೂಡಣಕ್ಕೆ ಹೋಗುತ್ತಿದ್ದಾನೆ. ಕಲ್ಲುಗಳು ಒಂದೇ ಆಕಾರವಾದದ್ದರಿಂದ ಒಂದನ್ನೂ ಹೊಸದಾಗಿ ಕಡಿಯಬೇಕಿಲ್ಲ. ಮಳೆಗೆ ಮೊದಲು ಮುಗಿಯುತ್ತದೆ ಎನ್ನುತ್ತಾರೆ. ನಾನು ಎಲ್ಲರಿಗೂ ರೊಟ್ಟಿ ಬಡಿದು ಕಳಿಸಿದೆ, ಹೋಗಿ ನೋಡಲಿಲ್ಲ. ಈಗ ಮಧ್ಯಾಹ್ನ, ಸೂರುಬಟ್ಟೆ ಅಲ್ಲಾಡುತ್ತಿಲ್ಲ, ಮನೆಯಲ್ಲಿ ನಾನೊಬ್ಬನೇ ಕೂತು ಇದನ್ನು ಬರೆಯುತ್ತಿದ್ದೇನೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಜಗದೇವಿ ಅಲ್ಲಿಗೆ ಬಂದಿರುತ್ತಾಳೆ. ಗಿಡ್ಡ ಹೆಂಗಸು, ಮೊಣಕಾಲಿನಲ್ಲಿ ಕಲ್ಲಿನ ಮೇಲೆ ಊರಿ ಊರಿ ಆದ ಕಪ್ಪು ಗುರುತುಗಳಿವೆ, ನಗುವಾಗ ಕೆಮ್ಮುತ್ತಾಳೆ. ಈಗ ಕೆಮ್ಮುವುದಿಲ್ಲವೇನೋ. ಎರಡು ಹಾಸೂ ಕೂಡಿದವಾ ಎಂದು ಅವಳು ಕೇಳಿದರೆ ಕೂಡಲಿಲ್ಲ ಎನ್ನಿ. ನಿನ್ನದನ್ನು ಎತ್ತಿದರು, ಸಾಯಬಣ್ಣನೇ ಒಪ್ಪಿದ ಎಂದೂ ಹೇಳಿ. ಅವಳ ಮನಸ್ಸು ನೋಯದಿರಲಿ ಎಂದು ಸುಳ್ಳು ಹೇಳಬೇಡಿ, ಅದು ಅವಳಿಗೆ ಆಗದು. ಮೊದಲು ನನ್ನನ್ನು ಬೈಯುತ್ತಾಳೆ. ಆಮೇಲೆ ಯಾಕೆ ಕೂಡಲಿಲ್ಲ ಎಂದು ಕೇಳುತ್ತಾಳೆ. ಆಗ ಮೇಲೆ ಬರೆದದ್ದನ್ನೆಲ್ಲ ತಿಳಿಸಿ. ಎರಡು ಸರಿಗಳು ಸೇರದೆ ಇರಬಹುದು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾದರೆ ನೋವಿಗಿಂತ ಹೆಚ್ಚು ಸಂತೋಷಪಡುತ್ತಾಳೆ, ಅಂಥವಳು ಅವಳು. ನಿಮ್ಮಲ್ಲಿ ಕಾಗದಕ್ಕೆ ಬರವಿಲ್ಲ ಎಂದು ಕೇಳಿದ್ದೇನೆ. ಅವಳಿಗೆ ಒಂದಿಷ್ಟು ಕೊಡಿ, ಕತ್ತರಿಯನ್ನೂ ಕೊಡಿ.

ಅವಳಿಗೆ ಹೊಸ ಊರಿನಲ್ಲಿ ಮಾತು ಶುರು ಮಾಡಲು ಬರುವುದಿಲ್ಲ, ಮೊದಮೊದಲು ಮುಖ ಗಂಟಿಕ್ಕಿಕೊಂಡು ಒಂದು ಕಡೆ ಕೂರುತ್ತಾಳೆ. ಅದನ್ನು ಸಿಟ್ಟು ಎಂದು ತಿಳಿದು ದೂರ ಹೋಗಬೇಡಿ. ನಾನು ಬರುವವರೆಗೆ ಯಾರಾದರೂ ಅವಳ ಪಕ್ಕದಲ್ಲಿ ಕೂತಿರಿ.

ಸಾಯಬಣ್ಣ